ಆಫ್‌ರೋಡ್ ರಿಕವರಿ ಕಿಟ್ ರಿವ್ಯೂ: ಗಾಡಿ ಮೇಲೆ ಬರುತ್ತೆ, ನೆಲದ ಕತೆ ಏನು?

ರಸ್ತೆಯಿಲ್ಲದ ಕಡೆ ಹೂತ ಗಾಡಿಯನ್ನು ಮೇಲೆತ್ತುವ ಈ ಕಿಟ್ ದೊಡ್ಡದೊಂದು ಕ್ಯಾನ್ವಾಸ್ ಚೀಲದಲ್ಲಿ ಬರುತ್ತದೆ. ಒಳಗೆ ಟಯರ್ ಗಾಳಿ ಇಳಿಸುವ ಡಿಫ್ಲೇಟರ್, ಅದಕ್ಕೇ ಸೇರಿಕೊಂಡ ಗೇಜ್, 12 ವೋಲ್ಟಿನ ಕಂಪ್ರೆಸರ್, ಹೂತ ಚಕ್ರದ ಕೆಳಗೆ ಹಾಸುವ ಎರಡು ರಿಕವರಿ ಬೋರ್ಡ್, ಎಳೆಯುವಾಗ ಹಿಗ್ಗುವ ಸ್ಟ್ರಾಪ್, ಮರಕ್ಕೆ ಸುತ್ತುವ ಅಗಲವಾದ ಪಟ್ಟಿ, ಒಂದು ಜೊತೆ ಶ್ಯಾಕಲ್ (ಪಟ್ಟಿ, ಹಗ್ಗ ಸಿಕ್ಕಿಸುವ ಕೊಂಡಿ), ಮಡಚುವ ಸಲಿಕೆ, ಕೈಗವಸು ಇರುತ್ತವೆ. ತಯಾರಕರ ಹೆಸರು ಬರೆಯುತ್ತಿಲ್ಲ. ಇದೇ ಸಾಮಾನು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತದೆ. ಹೆಸರು ಕಟ್ಟಿಕೊಂಡು ಏನಾಗಬೇಕು, ಒಳಗಿರುವ ಸಾಮಾನು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ. ಮರಳು, ಕೆಸರು, ಜಲ್ಲಿಕಲ್ಲಿನ ದಾರಿ, ಮೂರರಲ್ಲೂ ಬಳಸಿಯೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಕಿಟ್‌ಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಳೆಯುವುದು ಒಂದೇ ವಿಷಯ. ಹೂತ ಗಾಡಿ ಎಷ್ಟು ಬೇಗ ಮೇಲೆ ಬಂತು ಅಂತ. ಅದು ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಗಾಡಿ ಹೊರಟ ಮೇಲೆ ಆ ಜಾಗದಲ್ಲಿ ಏನು ಉಳಿಯಿತು ಅಂತ ಹಿಂತಿರುಗಿ ನೋಡುವವರು ಕಡಿಮೆ. ಮೊಣಕಾಲುದ್ದದ ಹಳ್ಳ ಉಳಿಯಿತಾ, ತೊಗಟೆ ಕಿತ್ತ ಮರ ಉಳಿಯಿತಾ, ಜಾಡಿನ ಪಕ್ಕ ಹೊಸದೊಂದು ಜಾಡು ಹುಟ್ಟಿತಾ? ನಾನು ಈ ಕಿಟ್ಟನ್ನು ಅಳೆದಿದ್ದು ಇದೇ ಲೆಕ್ಕದಲ್ಲಿ. ಆ ಲೆಕ್ಕದಲ್ಲಿ ಇದರಲ್ಲಿರುವ ಕೆಲವು ಸಾಮಾನು ತುಂಬ ಒಳ್ಳೆಯದು, ಕೆಲವು ಪರವಾಗಿಲ್ಲ, ಇರಲೇಬೇಕಾದ ಕೆಲವು ಇಲ್ಲವೇ ಇಲ್ಲ.

ಜಾಡು ಹಾಳಾಗುವುದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ಮೊದಲು ಒಂದು ಗಾಡಿ ಮೆತ್ತನೆ ಜಾಗದಲ್ಲಿ ಚಕ್ರ ತಿರುಗಿಸಿ ಗುಂಡಿ ಮಾಡುತ್ತದೆ. ಮಳೆ ಬಂದಾಗ ಆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಆಮೇಲೆ ಬಂದವರು ಗುಂಡಿ ಬೇಡ ಅಂತ ಪಕ್ಕದ ಹುಲ್ಲಿನ ಮೇಲೆ ಹತ್ತಿಸಿ ಹೋಗುತ್ತಾರೆ. ಆ ಹುಲ್ಲು ಸತ್ತು, ಅಲ್ಲೂ ಗುಂಡಿಯಾಗಿ, ಮೂರನೆಯವರು ಇನ್ನೂ ಆಚೆ ಹೋಗುತ್ತಾರೆ. ಒಂದು ಗಾಡಿ ಹಿಡಿಸುವಷ್ಟಿದ್ದ ಜಾಡು ನೋಡನೋಡುತ್ತಲೇ ಬಯಲಾಗುತ್ತದೆ. ಇಲ್ಲಿ ಯಾರೂ ಬೇಕಂತಲೇ ಕೆಟ್ಟದ್ದು ಮಾಡಿದವರಿಲ್ಲ. ಪ್ರತಿಯೊಬ್ಬರೂ ನಾನೊಬ್ಬ ಪಕ್ಕಕ್ಕೆ ಹೋದರೆ ಏನಾಗುತ್ತದೆ ಅಂದುಕೊಂಡವರೇ.

ಈ ಹಾನಿ ಎಷ್ಟು ಕಾಲ ಉಳಿಯುತ್ತದೆ ಅನ್ನುವುದು ನೆಲದ ಗುಣದ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 1942ರಲ್ಲಿ ಅಮೆರಿಕದ ಜನರಲ್ ಪ್ಯಾಟನ್ ತನ್ನ ಸೈನ್ಯಕ್ಕೆ ಟ್ಯಾಂಕ್ ತರಬೇತಿ ಕೊಟ್ಟ. ಎರಡನೇ ಮಹಾಯುದ್ಧ ಮುಗಿದು ಎಂಬತ್ತು ವರ್ಷ ದಾಟಿದರೂ ಆ ಟ್ಯಾಂಕುಗಳ ಗುರುತು ಅಲ್ಲಲ್ಲಿ ಇನ್ನೂ ಕಾಣುತ್ತದೆ. ಒಣ ನೆಲ ನೋಡಲು ಗಟ್ಟಿ, ಆದರೆ ವಾಸಿಯಾಗುವುದು ಬಹಳ ನಿಧಾನ. ಮಳೆ ಕಡಿಮೆ, ಗಿಡ ಬೆಳೆಯುವುದು ನಿಧಾನ, ಅದುಮಿದ ಮಣ್ಣನ್ನು ಮತ್ತೆ ಸಡಿಲ ಮಾಡುವ ಬೇರು ಮತ್ತು ಹುಳಗಳೂ ಕಡಿಮೆ.

ಈಗ ಕಿಟ್‌ಗೆ ಬರೋಣ. ಇಡೀ ಚೀಲದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಡಿಫ್ಲೇಟರ್ ಮತ್ತು ಕಂಪ್ರೆಸರ್. ಸ್ಟ್ರಾಪು, ಶ್ಯಾಕಲ್ಲುಗಳಿಗೆ ಕೆಲಸ ಬರುವುದು ಗಾಡಿ ಹೂತ ಮೇಲೆ. ಈ ಎರಡು ಗಾಡಿ ಹೂಳದ ಹಾಗೇ ನೋಡಿಕೊಳ್ಳುತ್ತವೆ. ರಸ್ತೆಗೆ ಹಾಕಿದ 35 ಪಿಎಸ್ಐ (ಟಯರಿನ ಗಾಳಿಯ ಒತ್ತಡದ ಅಳತೆ) ಗಾಳಿಯಲ್ಲೇ ಮರಳಿಗೆ ಇಳಿದರೆ ಟಯರ್ ನೆಲ ಮುಟ್ಟುವ ಜಾಗ ಚಿಕ್ಕದು, ಗಾಡಿಯ ಭಾರವೆಲ್ಲ ಅಷ್ಟೇ ಜಾಗದ ಮೇಲೆ ಬೀಳುತ್ತದೆ. ಅದನ್ನೇ 18ಕ್ಕೆ ಇಳಿಸಿ ನೋಡಿ. ಟಯರ್ ಹೊಟ್ಟೆ ಬಿಟ್ಟು, ನೆಲ ಮುಟ್ಟುವ ಭಾಗ ಉದ್ದಕ್ಕೆ ಚಾಚಿಕೊಳ್ಳುತ್ತದೆ, ಅಗಲದಲ್ಲಿ ಅಷ್ಟೇನೂ ಜಾಸ್ತಿ ಆಗುವುದಿಲ್ಲ. ನೆಲದ ಮೇಲಿನ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಟಯರ್ ಅಗೆಯುವುದನ್ನು ಬಿಟ್ಟು ತೇಲಲು ಶುರು ಮಾಡುತ್ತದೆ. ಎಕ್ಸಲರೇಟರ್ ಜೋರಾಗಿ ಒತ್ತಬೇಕಿಲ್ಲ, ಚಕ್ರ ಸುಮ್ನೆ ಜಾರಿ ತಿರುಗುವುದಿಲ್ಲ, ಗುಂಡಿಯೂ ಆಗುವುದಿಲ್ಲ.

ಈ ಉಪಾಯ ಹೊಸದೇನಲ್ಲ. ಎರಡನೇ ಮಹಾಯುದ್ಧದಲ್ಲಿ ನೆಲ ನೀರು ಎರಡರಲ್ಲೂ ಓಡುವ 'ಡಕ್' ಅನ್ನುವ ಲಾರಿ ಇತ್ತು. ಅದರಲ್ಲಿ ಚಾಲಕ ಸೀಟಿನಲ್ಲಿ ಕೂತೇ ಟಯರ್ ಗಾಳಿ ಏರಿಸಿ ಇಳಿಸಬಹುದಾಗಿತ್ತು. ನೀರಿನಿಂದ ಎದ್ದು ಮರಳಿನ ದಂಡೆ ಹತ್ತಬೇಕಲ್ಲ, ಅದಕ್ಕೆ. ಆಮೇಲೆ ಅಮೆರಿಕದ ಅರಣ್ಯ ಇಲಾಖೆಯವರು ಮರ ಸಾಗಿಸುವ ಲಾರಿಗಳ ಟಯರಿನಲ್ಲಿ ಗಾಳಿ ಕಡಿಮೆ ಮಾಡಿ ಪರೀಕ್ಷೆ ನಡೆಸಿದರು. ಮಣ್ಣಿನ ರಸ್ತೆ ಕಡಿಮೆ ಹಾಳಾಯಿತು, ಕೊಚ್ಚಿ ತೊರೆ ಸೇರುವ ಮಣ್ಣೂ ಕಡಿಮೆಯಾಯಿತು.

ಜಲ್ಲಿ ದಾರಿಯಲ್ಲಿ ಅಡ್ಡಕ್ಕೆ ಏಳುವ ಅಲೆಗಳಿರುತ್ತವಲ್ಲ, ಗಾಡಿಯ ನಟ್ಟು ಬೋಲ್ಟೆಲ್ಲ ಅಲ್ಲಾಡಿಸಿಬಿಡುವಂಥವು, ಅದರಲ್ಲೂ ನಮ್ಮ ಪಾಲಿದೆ. ಮರಳಿನ ಮೇಲೆ ಚಕ್ರ ಉರುಳಿಸಿ ಮಾಡಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ವೇಗ ಒಂದು ಮಟ್ಟ ದಾಟಿದ ತಕ್ಷಣ ಆ ಅಲೆಗಳು ತಾವಾಗೇ ಏಳುತ್ತವೆ, ಅದಕ್ಕಿಂತ ನಿಧಾನ ಹೋದರೆ ಏಳುವುದಿಲ್ಲ ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ಗಾಳಿ ಇಳಿಸಿ, ವೇಗವನ್ನೂ ಇಳಿಸಿ. ಗಾಳಿ ಇಳಿಸಿದ ಟಯರಿನಲ್ಲಿ ಜೋರಾಗಿ ಹೋಗುವುದು ಹೇಗಿದ್ದರೂ ಅಪಾಯ. ಟಯರ್ ಬಿಸಿಯಾಗುತ್ತದೆ, ಸರಕ್ಕನೆ ತಿರುಗಿಸಿದರೆ ರಿಮ್ ಬಿಟ್ಟು ಕಳಚಿಕೊಳ್ಳಬಹುದು.

ಈ ಕಿಟ್ಟಿನ ಡಿಫ್ಲೇಟರ್ ವಾಲ್ವಿನ ಒಳಗಿನ ಪಿನ್ನನ್ನು ಹೊರಗೆಳೆದು ಗಾಳಿ ಬಿಡುವ ಬಗೆಯದು. ಕಡ್ಡಿ ಹಿಡಿದು ವಾಲ್ವ್ ಒತ್ತಿಕೊಂಡು ಕೂರುವುದಕ್ಕೆ ಹೋಲಿಸಿದರೆ ಎಷ್ಟೋ ಬೇಗ ಆಗುತ್ತದೆ. ಪಿನ್ ಡಿಫ್ಲೇಟರಿನ ಒಳಗೇ ಸಿಕ್ಕಿಕೊಂಡಿರುತ್ತದೆ, ಕೆಳಗೆ ಬಿದ್ದು ಕಳೆದುಹೋಗುವುದಿಲ್ಲ. ಹಿತ್ತಾಳೆ ಭಾಗಗಳು ಗಟ್ಟಿಯಾಗಿವೆ, ಕೆಸರು ಮೆತ್ತಿದರೂ ಜಾಮ್ ಆಗಲಿಲ್ಲ. ಗೇಜ್ ಪರವಾಗಿಲ್ಲ. ಗಾಳಿ ಹೊರಗೆ ಹೋಗುತ್ತಿರುವಾಗ ಅದು ತೋರಿಸುವ ಅಂಕಿಯನ್ನು ನಂಬಬೇಡಿ, ನಿಲ್ಲಿಸಿ ಓದಿ. ಕಂಪ್ರೆಸರ್ ಮೇಲಿರುವ ಗೇಜೂ ಇದೂ ಒಂದೇ ಅಂಕಿ ತೋರಿಸುವುದಿಲ್ಲ. ನಾನು ನಾಲ್ಕೂ ಟಯರಿಗೆ ಒಂದೇ ಗೇಜ್ ಬಳಸುತ್ತೇನೆ. ನಾಲ್ಕೂ ಸಮ ಇದ್ದರಾಯಿತು, ಒಂದೆರಡು ಪಿಎಸ್ಐ ವ್ಯತ್ಯಾಸದಿಂದ ಏನೂ ಆಗದು.

ಕಂಪ್ರೆಸರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗಾಳಿ ಇಳಿಸಿದರೆ ಒಳ್ಳೆಯದು ಅಂತ ಎಲ್ಲರಿಗೂ ಗೊತ್ತು. ಆದರೂ ಬಹಳ ಜನ ಇಳಿಸುವುದಿಲ್ಲ, ಯಾಕೆ? ವಾಪಸ್ ತುಂಬಿಸಲು ಏನೂ ಇರುವುದಿಲ್ಲ, ಹತ್ತಿರದ ಪಂಕ್ಚರ್ ಅಂಗಡಿ ಎಲ್ಲೋ ದೂರದಲ್ಲಿರುತ್ತದೆ, ಅಲ್ಲಿತನಕ ಡಾಂಬರು ರಸ್ತೆಯಲ್ಲಿ ಮೆತ್ತನೆ ಟಯರಿನಲ್ಲಿ ಹೋಗಲು ಭಯ. ಅದಕ್ಕೇ ಗಟ್ಟಿ ಟಯರಿನಲ್ಲೇ ನುಗ್ಗಿಸುತ್ತಾರೆ, ಅಗೆಯುತ್ತಾರೆ, ಹೂಳುತ್ತಾರೆ. ಹಾಗಾಗಿ ಜಾಡು ಉಳಿಸುವುದರಲ್ಲಿ ಕಂಪ್ರೆಸರಿನ ಪಾಲು ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಒಳ್ಳೆಯ ಕಂಪ್ರೆಸರ್ ಹಿಂದೆ ಇದ್ದರೆ ಗಾಳಿ ಇಳಿಸಲು ಕೈ ಹಿಂಜರಿಯುವುದಿಲ್ಲ. ನಿಧಾನದ್ದು, ಪದೇಪದೇ ಕೈ ಕೊಡುವಂಥದ್ದು ಇದ್ದರೆ ಮುಂದಿನ ಸಲ 'ಇರಲಿ ಬಿಡು' ಅನ್ನಿಸುತ್ತದೆ.

ಇದು ಆ ಮಟ್ಟಿಗೆ ಒಳ್ಳೆಯದೇ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಬಗೆಯದಲ್ಲ, ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು. ಅದು ಸರಿ, ಯಾಕೆಂದರೆ ದೊಡ್ಡ ಟಯರಿಗೆ ಬೇಕಾಗುವಷ್ಟು ಕರೆಂಟ್ ಆ ಸಾಕೆಟ್ಟಿನ ಫ್ಯೂಸ್ ತಡೆಯುವುದಿಲ್ಲ. ಎಂಜಿನ್ ಓಡುತ್ತಿರುವಾಗಲೇ ಬಳಸಿ, ಇಲ್ಲದಿದ್ದರೆ ಬ್ಯಾಟರಿ ಇಳಿಯುತ್ತದೆ. ಎಂಜಿನ್ ಓಡುವಾಗ ಗಾಡಿ ಒಣಹುಲ್ಲಿನ ಮೇಲೆ ನಿಂತಿರಬಾರದು. ಕೆಳಗಿನ ಎಕ್ಸಾಸ್ಟ್ ಕೊಳವೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುವಷ್ಟು ಬಿಸಿ ಇರುತ್ತವೆ. ಗಾಳಿ ತುಂಬಲು ಬರಿ ಮಣ್ಣಿನ ಜಾಗ ಹುಡುಕಿ, ಜಾಡು ಶುರುವಾಗುವ ಕಡೆ ಸಾಮಾನ್ಯವಾಗಿ ಇರುತ್ತದೆ.

ತೊಂದರೆ ಏನಂದರೆ ಇದು ಬೇಗ ಬಿಸಿಯಾಗುತ್ತದೆ. ದೊಡ್ಡ ಟಯರುಗಳಾದರೆ ನಾಲ್ಕನ್ನೂ ಒಂದೇ ಸಮ ತುಂಬಲು ಬಿಡುವುದಿಲ್ಲ, ನಡುವೆ ತಾನಾಗೇ ನಿಂತುಬಿಡುತ್ತದೆ. ಸುಟ್ಟುಹೋಗದಿರಲಿ ಅಂತ ಇಟ್ಟ ರಕ್ಷಣೆ ಅದು, ತಪ್ಪಲ್ಲ. ಆದರೆ ಎಷ್ಟು ಹೊತ್ತು ಓಡಿಸಬಹುದು, ಎಷ್ಟು ಹೊತ್ತು ಬಿಡಬೇಕು ಅಂತ ಕಿಟ್ ಜೊತೆ ಬಂದ ಪುಸ್ತಕದಲ್ಲಿ ಸರಿಯಾಗಿ ಬರೆದಿಲ್ಲ. ಪೈಪಿನ ಉದ್ದವೂ ಸಾಲದು. ಉದ್ದನೆ ಗಾಡಿಯಾದರೆ ಹಿಂದಿನ ಟಯರಿಗೆ ಎಳೆದೂ ಎಳೆದೂ ಮುಟ್ಟಿಸಬೇಕು.

ಇನ್ನು ಬೋರ್ಡುಗಳು. ಗಾಡಿ ಹೂತಾಗ ಮಾಮೂಲಿ ಏನು ಮಾಡುತ್ತಾರೆ? ಸುತ್ತಮುತ್ತ ಇರುವ ಪೊದೆ ಕಡಿದು, ಕೊಂಬೆ ಮುರಿದು, ಕಲ್ಲು ಕಿತ್ತು ಚಕ್ರದ ಕೆಳಗೆ ತುರುಕುತ್ತಾರೆ. ಒಬ್ಬರ ಗಾಡಿ ಎದ್ದಿತು, ಆದರೆ ಅಲ್ಲಿ ಮಣ್ಣು ಹಿಡಿದು ನಿಲ್ಲಿಸಿದ್ದ ಗಿಡ ಹೋಯಿತು. ಕಲ್ಲಿನ ಕೆಳಗೆ ಬದುಕುವ ಹಲ್ಲಿ, ಚೇಳು, ಹುಳಗಳ ಮನೆಯೂ ಹೋಯಿತು. ಬೋರ್ಡು ಗಾಡಿಯಲ್ಲೇ ಇದ್ದರೆ ಅದ್ಯಾವುದೂ ಬೇಡ. ಈ ಒಂದೇ ಕಾರಣಕ್ಕೆ ಪ್ರತಿ ಗಾಡಿಯಲ್ಲೂ ಬೋರ್ಡ್ ಇರಬೇಕು ಅನ್ನುತ್ತೇನೆ, ವಿಂಚ್ (ಹಗ್ಗ ಸುತ್ತಿಕೊಳ್ಳುತ್ತಾ ಗಾಡಿ ಎಳೆಯುವ ಯಂತ್ರ) ಇದ್ದವರ ಗಾಡಿಯಲ್ಲೂ.

ಇದಕ್ಕೂ ಒಂದು ಹಳೆಯ ಕತೆ ಇದೆ. ರಾಲ್ಫ್ ಬ್ಯಾಗ್ನಾಲ್ಡ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ 1920ರ ದಶಕದ ಕೊನೆಯ ಹೊತ್ತಿಗೆ ಫೋರ್ಡ್ ಕಾರುಗಳಲ್ಲಿ ಈಜಿಪ್ಟ್, ಲಿಬಿಯಾ ಕಡೆಯ ಮರಳುಗಾಡು ಸುತ್ತುತ್ತಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಕಂದಕಗಳಿಗೆ ಮಾಡು ಹೊದಿಸಲು ಮಾಡಿದ್ದ ಉಕ್ಕಿನ ಪಟ್ಟಿಗಳನ್ನು ಅವರು ಚಕ್ರದ ಕೆಳಗೆ ಹಾಸಿ ಕಾರು ಎಬ್ಬಿಸುತ್ತಿದ್ದರು, ಟಯರಿನ ಗಾಳಿಯನ್ನೂ ಇಳಿಸುತ್ತಿದ್ದರು. 1940ರಲ್ಲಿ ಅವರು ಕಟ್ಟಿದ ಮರುಭೂಮಿ ಪಡೆಯ ಲಾರಿಗಳಲ್ಲೂ ಅವೇ ಪಟ್ಟಿಗಳಿದ್ದವು. ಈಗ ಉಕ್ಕು ಹೋಗಿ ನೈಲಾನ್ ಬಂದಿದೆ, ಹಲ್ಲು ಬಂದಿದೆ. ಕೆಲಸ ಅದೇ.

ಈ ಕಿಟ್ಟಿನ ಬೋರ್ಡುಗಳು ಬಾಗುತ್ತವೆ, ಮುರಿಯುವುದಿಲ್ಲ. ಆದರೆ ಹಲ್ಲುಗಳು ಅಷ್ಟು ಗಟ್ಟಿ ಇಲ್ಲ. ನಮ್ಮ ಗುಂಪಿನ ಇನ್ನೊಂದು ಗಾಡಿಗೆ ಕೊಟ್ಟಾಗ ಅವರು ಎಕ್ಸಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರು, ಚಕ್ರ ಬೋರ್ಡಿನ ಮೇಲೇ ತಿರುಗಿತು, ಆ ಕಾವಿಗೆ ಒಂದು ಸಾಲು ಹಲ್ಲು ಕರಗಿ ನುಣ್ಣಗಾಯಿತು. ಯಾವ ನೈಲಾನ್ ಬೋರ್ಡಿಗಾದರೂ ಇದು ಆಗಬಹುದು, ಇದಕ್ಕೆ ಸ್ವಲ್ಪ ಬೇಗ ಆಯಿತು ಅಷ್ಟೇ. ಸರಿಯಾದ ರೀತಿ ಇದು: ಮೊದಲು ಸಲಿಕೆಯಲ್ಲಿ ಚಕ್ರದ ಮುಂದಿನ ಮಣ್ಣು ತೆಗೆಯಿರಿ, ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದ್ದರೆ ಅಲ್ಲಿಯೂ ತೆಗೆಯಿರಿ, ಬೋರ್ಡನ್ನು ಚಕ್ರಕ್ಕೆ ಒತ್ತಿ ತೂರಿಸಿ, ಲೋ ರೇಂಜಿನಲ್ಲಿ (ಬಲ ಜಾಸ್ತಿ, ವೇಗ ಕಡಿಮೆ ಇರುವ ಗೇರಿನಲ್ಲಿ) ನಿಧಾನ ಹತ್ತಿಸಿ. ಬೋರ್ಡಿಗೆ ಒಂದು ಬಣ್ಣದ ಹಗ್ಗ ಕಟ್ಟಿಡಿ. ಗಾಡಿ ದಾಟಿದ ಮೇಲೆ ಕೆಸರಿನಲ್ಲಿ ಬೋರ್ಡ್ ಎಲ್ಲಿ ಹೋಯಿತು ಅಂತ ಹುಡುಕುತ್ತಾ ಇಡೀ ಜಾಗ ತುಳಿಯುವುದು ತಪ್ಪುತ್ತದೆ.

ಸಲಿಕೆ ಚಿಕ್ಕದು, ಮಡಚುವ ಜಾಗ ಸಡಿಲ. ಕೆಲಸ ನಡೆಯುತ್ತದೆ. ಆದರೆ ಸಲಿಕೆಯ ದೊಡ್ಡ ಕೆಲಸ ಗಾಡಿ ಎದ್ದ ಮೇಲೆ ಇರುತ್ತದೆ. ತೋಡಿದ ಗುಂಡಿ ಮುಚ್ಚಬೇಕು, ಚಕ್ರ ಕೊರೆದ ಸಾಲು ಸಮ ಮಾಡಬೇಕು, ಕಾಲಲ್ಲಿ ಒಂದಿಷ್ಟು ತುಳಿದು ಗಟ್ಟಿ ಮಾಡಬೇಕು. ಎಲ್ಲರೂ ಸುಸ್ತಾಗಿರುತ್ತಾರೆ, ಕತ್ತಲಾಗುತ್ತಿರುತ್ತದೆ, ಹೊರಡೋಣ ಅನ್ನುವವರೇ ಜಾಸ್ತಿ. ಆಗ ಸಲಿಕೆ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ತುಂಬ ಗೌರವ. ಆ ಗುಂಡಿ ಹಾಗೇ ಬಿಟ್ಟರೆ ಮುಂದಿನ ಗಾಡಿ ಪಕ್ಕದ ಹುಲ್ಲಿಗೆ ಹೋಗುತ್ತದೆ, ಗ್ಯಾರಂಟಿ. ಇದಕ್ಕೆ ಉದ್ದ ಹಿಡಿಯ ಸಲಿಕೆ ಬೇಕು. ಕಿಟ್ಟಿನದ್ದರಲ್ಲಿ ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ, ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಮರಕ್ಕೆ ಸುತ್ತುವ ಪಟ್ಟಿ ಈ ಕಿಟ್ಟಿನಲ್ಲಿ ಅತಿ ಚೆನ್ನಾಗಿರುವ ವಸ್ತು. ಅಗಲ ಚೆನ್ನಾಗಿದೆ, ಹೊಲಿಗೆ ಗಟ್ಟಿ, ಎರಡೂ ತುದಿಯ ಕುಣಿಕೆಗೆ ಹೊದಿಕೆ ಇದೆ. ವಿಂಚಿನ ಉಕ್ಕಿನ ಹಗ್ಗವನ್ನು ಬರಿ ಮರಕ್ಕೆ ಸುತ್ತಿ ಎಳೆದರೆ ಅದು ತೊಗಟೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಎಲೆಗಳಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಗಿನ ತೆಳು ಪದರದಲ್ಲಿ. ಅದರ ಕೆಳಗೇ ಮರ ದಪ್ಪ ಬೆಳೆಯುವ ಪದರ ಇದೆ. ಸುತ್ತ ಒಂದು ಉಂಗುರದಷ್ಟು ಕೊಯ್ದುಹೋದರೆ ಬೇರಿಗೆ ಆಹಾರ ನಿಂತುಹೋಗುತ್ತದೆ. ಮರ ಅವತ್ತೇ ಸಾಯುವುದಿಲ್ಲ. ನಿಧಾನಕ್ಕೆ ಒಣಗುತ್ತದೆ, ಅಷ್ಟು ಹೊತ್ತಿಗೆ ಎಳೆದವರು ಎಲ್ಲೋ ಇರುತ್ತಾರೆ. ಅದಕ್ಕೇ ಪಟ್ಟಿ ಬೇಕೇ ಬೇಕು. ಬುಡದ ಹತ್ತಿರ, ದಪ್ಪನೆಯ ಜೀವಂತ ಮರಕ್ಕೆ ಸುತ್ತಿ, ಎರಡು ಕುಣಿಕೆಗೆ ಶ್ಯಾಕಲ್ ಹಾಕಿ. ಎಳೆ ಮರ ಬೇಡ, ಒಣಗಿದ ಮರ ಬೇಡ, ಅದು ನಿಮ್ಮ ಮೇಲೇ ಬೀಳಬಹುದು.

ಮರ ಇಲ್ಲದ ಬಯಲಿನಲ್ಲಿ ಸ್ಟೆಪ್ನಿ ಹೂತು ಅದಕ್ಕೆ ವಿಂಚ್ ಕಟ್ಟಿ ಎಳೆಯುವ ಉಪಾಯವನ್ನು ಹಲವರು ಕಲಿಸುತ್ತಾರೆ. ಮರಳಿನಲ್ಲಿ ಸರಿ. ಹುಲ್ಲುಗಾವಲಿನಲ್ಲಿ, ಜೌಗಿನಲ್ಲಿ ಅಷ್ಟು ದೊಡ್ಡ ಹಳ್ಳ ತೋಡುವುದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ಗಾಡಿ ಜೊತೆಗಿದ್ದರೆ ಆ ಪ್ರಶ್ನೆಯೇ ಬರುವುದಿಲ್ಲ, ಒಂಟಿ ಗಾಡಿಯಲ್ಲಿ ಅಂಥ ಕಡೆ ಹೋಗುವುದೇ ತಪ್ಪು.

ಹಿಗ್ಗುವ ಸ್ಟ್ರಾಪ್ ಬಗ್ಗೆ ಬೇಗ ಮುಗಿಸುತ್ತೇನೆ. ಚೆನ್ನಾಗಿ ಹಿಗ್ಗುತ್ತದೆ, ಎಳೆತ ನಯವಾಗಿದೆ. ಟೋ ಬಾಲ್‌ಗೆ, ಅಂದರೆ ಟ್ರೇಲರ್ ಸಿಕ್ಕಿಸಲು ಗಾಡಿಯ ಹಿಂದೆ ಇರುವ ಉಂಡೆಗೆ ಮಾತ್ರ ಯಾವತ್ತೂ ಸಿಕ್ಕಿಸಬೇಡಿ. ಅದು ಮುರಿದು ಗುಂಡಿನ ಹಾಗೆ ಹಾರಿ ಜನ ಸತ್ತಿದ್ದಾರೆ. ಎಳೆಯುವ ಗಾಡಿ ಜಾಡಿನ ಗಟ್ಟಿ ನೆಲದ ಮೇಲೇ ಇರಬೇಕು. ಸಹಾಯಕ್ಕೆ ಬಂದ ಗಾಡಿ ಪಕ್ಕದ ಮೆತ್ತನೆ ನೆಲಕ್ಕಿಳಿದು ತಾನೂ ಹೂತರೆ ಹಾಳಾಗುವ ಜಾಗ ಎರಡಾಗುತ್ತದೆ.

ಈಗ ಕಿಟ್ಟಿನಲ್ಲಿ ಇಲ್ಲದಿರುವುದು. ನನಗೆ ನಿಜವಾಗಿ ಬೇಜಾರಾಗಿದ್ದು ಇಲ್ಲಿ. ಕಂಪ್ರೆಸರ್ ಜೊತೆ ಚೆಂಡಿಗೆ ಗಾಳಿ ಹಾಕುವ ಸೂಜಿ ಕೊಟ್ಟಿದ್ದಾರೆ. ಗಾಳಿ ಊದಿ ಕಸ ತೆಗೆಯುವ ಏರ್ ಗನ್ ಕೊಟ್ಟಿಲ್ಲ! ಏರ್ ಗನ್ ಇದ್ದರೆ ರೇಡಿಯೇಟರಿನ ಮುಂದೆ, ಗಾಡಿಯ ಅಡಿಯಲ್ಲಿ ಸಿಕ್ಕಿಕೊಂಡ ಹುಲ್ಲು ಬೀಜವನ್ನೆಲ್ಲ ಅಲ್ಲೇ ಊದಿ ತೆಗೆಯಬಹುದು. ಎಕ್ಸಾಸ್ಟ್ ಹತ್ತಿರ ಕೂತ ಒಣಹುಲ್ಲಿಗೆ ಬೆಂಕಿ ಹತ್ತಿ ಗಾಡಿಗಳೇ ಸುಟ್ಟುಹೋಗಿವೆ. ಅದಿರಲಿ, ಬೀಜದ ವಿಷಯ ಇನ್ನೂ ದೊಡ್ಡದು. ಒಂದು ಕಡೆಯ ಕಳೆ ಇನ್ನೊಂದು ಕಡೆಗೆ ಟಯರಿನಲ್ಲಿ ಕೂತು ಹೋಗುತ್ತದೆ.

ಕಳೆ ಮಾತ್ರ ಅಲ್ಲ, ರೋಗವೂ ಹೋಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಫೈಟೋಫ್ತೊರಾ ಸಿನಮೋಮಿ ಅನ್ನುವ ಒಂದು ಸೂಕ್ಷ್ಮಜೀವಿ ಇದೆ, ಗಿಡಗಳ ಬೇರು ಕೊಳೆಸಿ ಸಾಯಿಸುತ್ತದೆ. ಅಲ್ಲಿನ ಕಾಡು, ಕುರುಚಲು ಪ್ರದೇಶಗಳಿಗೆ ಅದು ದೊಡ್ಡ ಪಿಡುಗು. ಟಯರಿಗೆ, ಬೂಟಿಗೆ ಮೆತ್ತಿಕೊಂಡ ಒದ್ದೆ ಮಣ್ಣಿನ ಜೊತೆ ಹೊಸ ಜಾಗಕ್ಕೆ ಹರಡುತ್ತದೆ. ಬಂದ ಮೇಲೆ ಓಡಿಸುವ ದಾರಿಯಿಲ್ಲ, ಬರದ ಹಾಗೆ ನೋಡಿಕೊಳ್ಳುವುದೊಂದೇ. ಅದಕ್ಕೆ ಒಂದು ಗಟ್ಟಿ ಬ್ರಷ್ ಬೇಕು. ಜಾಡಿನಿಂದ ಹೊರಬಂದಾಗ ಅಲ್ಲೇ ಮಣ್ಣು ಉದುರಿಸಿ ಹೊರಡಬೇಕು. ಇಷ್ಟು ದೊಡ್ಡ ಚೀಲದಲ್ಲಿ ಒಂದು ಬ್ರಷ್‌ಗೆ ಜಾಗ ಇರಲಿಲ್ಲವೇ?

ಎಣ್ಣೆ ಹೀರುವ ಪ್ಯಾಡುಗಳೂ ಇಲ್ಲ. ಕಲ್ಲಿಗೆ ತಗುಲಿ ಎಣ್ಣೆ ಸೋರಲು ಶುರುವಾದರೆ ಕೆಳಗೆ ಹಾಸಲು ಏನಾದರೂ ಬೇಕು, ಅದರಲ್ಲೂ ತೊರೆಯ ಹತ್ತಿರ. ನಾನು ಪ್ಯಾಡು, ದಪ್ಪ ಪ್ಲಾಸ್ಟಿಕ್ ಚೀಲ, ಒಂದು ಅಗಲ ಬೋಗುಣಿ ಸೇರಿಸಿಕೊಂಡಿದ್ದೇನೆ. ಕಸ ತುಂಬಲು ಸ್ಟೆಪ್ನಿಗೆ ನೇತುಹಾಕುವ ಚೀಲವನ್ನೂ.

ಇನ್ನು ಪುಸ್ತಕ ಮತ್ತು ಡಬ್ಬದ ಮೇಲಿನ ಚಿತ್ರ. ಚಿತ್ರದಲ್ಲಿ ಗಾಡಿಯೊಂದು ತೊರೆಯ ಉದ್ದಕ್ಕೂ ನೀರು ಎರಚುತ್ತಾ ನುಗ್ಗುತ್ತಿದೆ. ಇದು ಕೆಟ್ಟ ಪಾಠ. ತೊರೆ ದಾಟಬೇಕಾದರೆ ಮೊದಲಿನಿಂದ ದಾಟುವ ಜಾಗದಲ್ಲೇ ನೇರ ಅಡ್ಡಕ್ಕೆ, ನಿಧಾನಕ್ಕೆ ದಾಟಬೇಕು. ತಳದ ಜಲ್ಲಿಕಲ್ಲುಗಳ ನಡುವೆ ಮೀನಿನ ಮೊಟ್ಟೆ ಇರುತ್ತವೆ. ಚಕ್ರ ಕಲಕಿದ ಹೂಳು ಅವುಗಳ ಮೇಲೆ ಕೂತರೆ ಉಸಿರಿಗೆ ಬೇಕಾದ ನೀರು ಓಡಾಡದೆ ಸಾಯುತ್ತವೆ. ಎದುರಿನ ದಂಡೆ ಕುಸಿದರೆ ಪ್ರತಿ ಮಳೆಗೂ ಮಣ್ಣು ನೀರಿಗೆ ಸೇರುತ್ತಿರುತ್ತದೆ. ಇಂಥ ಚಿತ್ರ ನೋಡಿ ಕಿಟ್ ಕೊಂಡ ಹೊಸಬರು ಏನು ಮಾಡುತ್ತಾರೆ ಹೇಳಿ?

ಪುಸ್ತಕದಲ್ಲಿ ಸಾಮಾನು ಜೋಡಿಸುವುದು ಹೇಗೆ ಅಂತ ಇದೆ, ಎಲ್ಲಿ ಗಾಡಿ ಇಳಿಸಬಾರದು ಅಂತ ಒಂದು ಸಾಲೂ ಇಲ್ಲ. ಬರೆಯಲು ಕಷ್ಟವೇನಿಲ್ಲ. ಅಮೆರಿಕದ ಅರಣ್ಯ ಇಲಾಖೆ 1985ರಲ್ಲೇ 'ಟ್ರೆಡ್ ಲೈಟ್ಲಿ' ಅಂತ ಒಂದು ಕಾರ್ಯಕ್ರಮ ಶುರು ಮಾಡಿತು, ಈಗ ಅದು ಲಾಭಕ್ಕಲ್ಲದ ಸಂಸ್ಥೆಯಾಗಿ ನಡೆಯುತ್ತಿದೆ. ಅವರು ಹೇಳುವುದು ಬರೀ ಐದು ವಿಷಯ: ಜವಾಬ್ದಾರಿಯಿಂದ ಹೋಗಿ, ಬೇರೆಯವರ ಹಕ್ಕು ಗೌರವಿಸಿ, ಹೊರಡುವ ಮೊದಲೇ ತಿಳಿದುಕೊಳ್ಳಿ, ಸೂಕ್ಷ್ಮ ಜಾಗ ತಪ್ಪಿಸಿ, ನಿಮ್ಮ ಪಾಲಿನ ಕೆಲಸ ಮಾಡಿ. ಅರ್ಧ ಪುಟಕ್ಕೆ ಆಗುವಷ್ಟು.

ಅದಕ್ಕೇ ಆ ಪುಟದಲ್ಲಿ ಇರಬೇಕಾಗಿದ್ದನ್ನು ಇಲ್ಲಿ ಬರೆಯುತ್ತೇನೆ. ಒದ್ದೆ ಹುಲ್ಲುಗಾವಲಿಗೆ ಯಾವ ಕಿಟ್ ಇದ್ದರೂ ಇಳಿಯಬೇಡಿ. ಅಲ್ಲಿ ಚಕ್ರ ಕೊರೆದ ಸಾಲು ಕಾಲುವೆಯಾಗುತ್ತದೆ, ನೀರು ಅದರಲ್ಲೇ ಹರಿದುಹೋಗುತ್ತದೆ, ಸುತ್ತಲಿನ ಜೌಗು ಒಣಗುತ್ತಾ ಬರುತ್ತದೆ. ಒಣ ಪ್ರದೇಶದಲ್ಲಿ ನೆಲದ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಹಕ್ಕಳೆ ಕಂಡರೆ ಅದು ಬರೀ ಮಣ್ಣಲ್ಲ, ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಸೇರಿ ಹೆಣೆದ ಜೀವಂತ ಪದರ. ಗಾಳಿಗೆ ಮಣ್ಣು ಹಾರದಂತೆ ಹಿಡಿದಿರುವುದು ಅದೇ. ಒಂದು ಸಲ ಚಕ್ರ ಹಾಯ್ದರೆ ಪುಡಿಯಾಗುತ್ತದೆ, ಮತ್ತೆ ಕಟ್ಟಿಕೊಳ್ಳಲು ದಶಕಗಳು ಬೇಕಾಗಬಹುದು. ಒಣಗಿದ ಕೆರೆಯ ತಳವೂ ಅಷ್ಟೇ. ಅಮೆರಿಕದ ಡೆತ್ ವ್ಯಾಲಿಯಲ್ಲಿ ಕಲ್ಲುಗಳು ತಾವಾಗೇ ಜರುಗಿದಂತೆ ಕಾಣುವ ರೇಸ್‌ಟ್ರ್ಯಾಕ್ ಪ್ಲಾಯಾ ಅನ್ನುವ ಒಣ ಕೆರೆ ಇದೆಯಲ್ಲ, 2016ರಲ್ಲಿ ಯಾರೋ ಅದರ ಮೇಲೆ ಗಾಡಿ ಸುತ್ತಿಸಿ ಮೈಲುಗಟ್ಟಲೆ ಗುರುತು ಬಿಟ್ಟುಹೋದರು. ಕಡಲ ತೀರದಲ್ಲಿ ಗಾಡಿಗೆ ಅನುಮತಿ ಇದ್ದರೂ ಭರತದ ಗೆರೆಗಿಂತ ಮೇಲಿನ ಒಣ ಮರಳಿಗೆ ಹೋಗಬೇಡಿ. ಆಮೆ, ಹಕ್ಕಿ ಮೊಟ್ಟೆ ಇಡುವುದು ಅಲ್ಲಿ. ಮೊಟ್ಟೆಯಿಂದ ಹೊರಬಂದ ಆಮೆಮರಿಗೆ ಟಯರಿನ ಸಾಲು ಹತ್ತಲಾಗದ ಗೋಡೆ, ಅದರೊಳಗೇ ಓಡಾಡಿ ಸುಸ್ತಾಗಿ ಸಾಯುತ್ತದೆ. ಐಸ್‌ಲ್ಯಾಂಡಿನಲ್ಲಂತೂ ರಸ್ತೆ, ಜಾಡು ಬಿಟ್ಟು ಗಾಡಿ ಓಡಿಸುವುದೇ ಕಾನೂನಿಗೆ ವಿರುದ್ಧ, ಹಿಮನದಿ, ಹೆಪ್ಪುಗಟ್ಟಿ ಹಿಮ ಹೊದ್ದ ನೆಲದಂಥ ಕಡೆಗಷ್ಟೇ ವಿನಾಯಿತಿ. ನನಗೆ ಅದು ಸರಿ ಅನ್ನಿಸುತ್ತದೆ.

ಜಾಡಿನ ನಡುವೆ ನೀರು ನಿಂತಿದ್ದರೆ ಇಳಿದು ಕೋಲಿನಲ್ಲಿ ಆಳ ನೋಡಿ ನಡುವೆಯೇ ಹೋಗಿ, ಆಗದಿದ್ದರೆ ತಿರುಗಿ. ತಿರುಗಿಸಲು ಅಗಲ ಜಾಗ ಸಿಗುವತನಕ ರಿವರ್ಸ್ ಬರಬೇಕಾಗಬಹುದು, ಬನ್ನಿ. ಮಳೆ ಬಂದ ಮಾರನೇ ದಿನ ಹೋಗಲೇಬೇಕು ಅನ್ನುವವರಿಗೆ ನನ್ನ ಮಾತು ಇಷ್ಟೇ: ಎರಡು ಮೂರು ದಿನ ಒಣಗಲು ಬಿಟ್ಟರೆ ಅದೇ ಜಾಡು ಗುರುತೂ ಬೀಳದ ಹಾಗೆ ದಾಟಿಸಿಕೊಳ್ಳುತ್ತದೆ.

ಕೊಳ್ಳಬೇಕಾ ಬೇಡವಾ? ನಿಮ್ಮ ಹತ್ತಿರ ಏನೂ ಇಲ್ಲದಿದ್ದರೆ ಕೊಳ್ಳಿ. ಡಿಫ್ಲೇಟರ್, ಮರದ ಪಟ್ಟಿ, ಸ್ಟ್ರಾಪ್ ಮೂರೂ ಬಾಳಿಕೆ ಬರುವಂಥವು. ಸಲಿಕೆ ಬದಲಾಯಿಸಿ, ಬ್ರಷ್, ಏರ್ ಗನ್, ಎಣ್ಣೆ ಪ್ಯಾಡ್ ಸೇರಿಸಿ. ತುಂಬ ದೊಡ್ಡ ಟಯರಿನ ಗಾಡಿಯಾದರೆ ಈ ಕಂಪ್ರೆಸರ್ ಸಾಲದು, ಎರಡು ಸಿಲಿಂಡರಿನದು ಬೇರೆ ತೆಗೆದುಕೊಳ್ಳಿ. ಬಿಡಿಬಿಡಿಯಾಗಿ ಒಂದೊಂದೇ ಕೊಳ್ಳುವುದಾದರೆ ಮೊದಲು ಗೇಜು, ಡಿಫ್ಲೇಟರ್, ಕಂಪ್ರೆಸರ್, ಆಮೇಲೆ ಬೋರ್ಡು, ಸ್ಟ್ರಾಪು ಕೊನೆಗೆ. ಅಂಗಡಿಯವರು ಉಲ್ಟಾ ಹೇಳುತ್ತಾರೆ, ಕೇಳಬೇಡಿ.

ಏರ್ ಗನ್ ಬಗ್ಗೆಯೂ ಡಬ್ಬದ ಚಿತ್ರದ ಬಗ್ಗೆಯೂ ತಯಾರಕರಿಗೆ ಬರೆದಿದ್ದೆ. ಗನ್ ಬೇರೆಯಾಗಿ ಮಾರುತ್ತೇವೆ ಅಂತ ಉತ್ತರ ಬಂತು, ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಮತ್ತೆ ಬರೆದಿದ್ದೇನೆ. ಇದೇ ಕಿಟ್ ಕೊಂಡವರು ನೀವೂ ಬರೆಯಿರಿ, ವಾರಂಟಿ ಕಾರ್ಡಿನ ಹಿಂದೆ ವಿಳಾಸ ಇದೆ.